ಕಷಾಯಕ್ಕೆ ಮೊದಲು ಕಾಂತಿಯ ಒಂದು ಹನಿ

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ನಸುಕು. ಮೂಡುಬಿದಿರೆ ಹೊರವಲಯದ ಪುಟ್ಟ ಗಿಡಮೂಲಿಕೆ ಪ್ರಯೋಗಾಲಯದ ಒಂದೇ ಕಿಟಕಿಯಲ್ಲಿ ಬೆಳಕು. ತಂತ್ರಜ್ಞೆ ಕಾಂತಿ ಒದ್ದೆ ರೈನ್‌ಕೋಟನ್ನು ಮೊಳೆಗೆ ನೇತುಹಾಕಿ ಕೈಗವಸು ತೊಡುತ್ತಾರೆ. ಬಾಗಿಲಲ್ಲಿ ಆಗಲೇ ಕೃಷಿಕ ರುಕ್ಮಯ್ಯ, ಬಾಳೆಲೆಯಲ್ಲಿ ಸುತ್ತಿದ ತೊಗಟೆ ಹಿಡಿದು ನಿಂತಿದ್ದಾರೆ.

"ಒಮ್ಮೆ ನೋಡಿ ಕೊಡಿ ಅಕ್ಕ. ಮನೆಯಲ್ಲಿ ಕಷಾಯಕ್ಕೆ ಬೆಳ್ಳುಳ್ಳಿ ಜಜ್ಜಿ ಆಗಿದೆ. ನಾನು ಹೋಗದೆ ಯಾರೂ ಕುಡಿಯುವ ಹಾಗಿಲ್ಲ."

ಈ ದಿನ ಬರಿಹೊಟ್ಟೆಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯದ ಮನೆ ಈ ಕಡೆ ಕಡಿಮೆ. ಕತ್ತಿ ತಾಗಿಸುವಂತಿಲ್ಲ, ದೀಪ ಹಿಡಿಯುವಂತಿಲ್ಲ. ಕತ್ತಲಲ್ಲೇ ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಗುಡ್ಡದಲ್ಲಿ ಅದರ ಮಗ್ಗುಲಲ್ಲೇ ಕಾಸರಕದ ಮರವೂ ಬೆಳೆಯುತ್ತದಲ್ಲ, ಅದೋ ಅಪ್ಪಟ ವಿಷ! ಅದಕ್ಕೇ ಕಾಂತಿ ವರ್ಷಕ್ಕೊಮ್ಮೆ ಈ ಹೊತ್ತಿಗೆ, ಯಾರೂ ಹೇಳದಿದ್ದರೂ, ಬಾಗಿಲು ತೆರೆದು ಕೂರುತ್ತಾರೆ.

ಉಳಿದ ದಿನಗಳ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಬೇರು, ತೊಗಟೆಗಳನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮದ್ಯಸಾರದಲ್ಲಿ ಗಂಟೆಗಟ್ಟಲೆ ಕುದಿಸಿ, ಇಂಗಿಸಿ, ಉಳಿದ ಸಾರದಲ್ಲಿ ಔಷಧದ ಅಂಶ ಎಷ್ಟಿದೆಯೆಂದು ಅಳೆಯಬೇಕು. "ಒಂದು ಕಿಲೋ ಪುಡಿ ಹಾಕಿದ್ರೆ ನಮಗೆ ಬೇಕಾದ್ದು ಉಗುರಿನಷ್ಟು ಸಿಗ್ತದೆ. ಗ್ಲೌಸ್ ಹಾಕಿದ್ರೂ ಕೈಯೆಲ್ಲ ಕಹಿ. ಮನೆಯಲ್ಲಿ ಹಿಟ್ಟು ಕಲಸಲಿಕ್ಕೆ ನನ್ನನ್ನು ಬಿಡುವುದೇ ಇಲ್ಲ," ಎಂದು ನಗುತ್ತಾರೆ.

ರುಕ್ಮಯ್ಯನವರ ತೊಗಟೆಯ ಒಳಮೈಗೆ ನೈಟ್ರಿಕ್ ಆಮ್ಲದ ಒಂದು ಹನಿ ಬೀಳುತ್ತದೆ. ಕಾಸರಕವಾದರೆ ರಕ್ತಗೆಂಪು ಏಳಬೇಕು. ಏಳುವುದಿಲ್ಲ. ಆದರೂ ರುಕ್ಮಯ್ಯನವರಿಗೆ ದಿಗಿಲು.

"ಹಳದಿ ಆಯ್ತಲ್ಲ ಅಕ್ಕ?"

"ಎಂಥದ್ದೂ ಇಲ್ಲ ಮಾರಾಯ್ರೆ, ಹಾಲೆ ಹಾಗೇ. ಇದು ನಮ್ಮ ಮನೆಯದ್ದು, ನೋಡಿ, ಇದೂ ಹಾಗೇ ಆಗ್ತದೆ." ನಾಲ್ಕು ಗಂಟೆಗೆ ಗಂಡ ಲೋಕನಾಥ ಜಜ್ಜಿ ತಂದಿದ್ದ ತೊಗಟೆಯ ತುಂಡು ಅದು. ಮಧ್ಯಾಹ್ನ ಸಾರ ತೆಗೆದು ಅಳೆಯಲೆಂದು ಕಾಂತಿ ಬ್ಯಾಗಿನಲ್ಲಿ ತಂದಿದ್ದರು. ಅದಕ್ಕೂ ಒಂದು ಹನಿ ಬಿಡುತ್ತಾರೆ.

ಕೆಂಪು!

ಕಾಂತಿ ತುಂಡನ್ನು ದೀಪದ ಹತ್ತಿರ ಹಿಡಿಯುತ್ತಾರೆ. ಇನ್ನೊಂದು ಕಡೆ ಹನಿ ಬಿಡುತ್ತಾರೆ. ಅಲ್ಲೂ ಕೆಂಪು. ಕೈಗವಸು ಕಿತ್ತೆಸೆದು ಮನೆಗೆ ಫೋನ್ ಮಾಡುತ್ತಾರೆ. ಮೊದಲ ಸಲ ಯಾರೂ ಎತ್ತುವುದಿಲ್ಲ. ಎರಡನೇ ಸಲಕ್ಕೆ ಲೋಕನಾಥ.

"ಕುಡಿದ್ರಾ?"

"ಇಲ್ಲ, ಅಪ್ಪ ಈಗ ಲೋಟ ಎತ್ತಿದ್ರು..."

"ತಟ್ಟಿ ಬೀಳ್ಸಿ! ಅದು ಕಾಸರಕ!"

ಆಚೆಯಿಂದ ಸ್ಟೀಲ್ ಲೋಟ ಉರುಳಿದ ಸದ್ದು. ಆಮೇಲೆ ಮಾವನ ದನಿ: "ಬಾಯಿಗೆ ಮುಟ್ಟಿಸಿರಲಿಲ್ಲ ಮಗಾ." ಕಾಂತಿ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾರೆ. ರುಕ್ಮಯ್ಯ ಓಡಿಹೋಗಿ ನೀರು ತಂದು ಕೊಡುತ್ತಾರೆ.

ಆದದ್ದಿಷ್ಟೇ: ಹಿಂದಿನ ಸಂಜೆ ಪದ್ಧತಿಯಂತೆ ಹಾಲೆಮರಕ್ಕೆ ಗುರುತಿನ ದಾರ ಕಟ್ಟಿ, ನಾಳೆ ಮದ್ದಿಗೆ ಬರುತ್ತೇವೆಂದು ಅದಕ್ಕೆ ಹೇಳಿ ಬಂದಿದ್ದರು ಲೋಕನಾಥ. ಕತ್ತಲಲ್ಲಿ ತಡಕುವಾಗ ಪಕ್ಕದ ಕಾಸರಕಕ್ಕೆ ಸುತ್ತಿದ್ದ ಬಳ್ಳಿ ಕೈಗೆ ಸಿಕ್ಕಿತು. ಅದನ್ನೇ ದಾರ ಅಂದುಕೊಂಡರು. ಹಾಲೆಯ ಹಾಲು ಸುರಿಯಿತೋ ಇಲ್ಲವೋ, ಮಳೆಯಲ್ಲಿ ತಿಳಿಯಲೇ ಇಲ್ಲ.

ಬೆಳಕು ಹರಿದಿದೆ. ಬಾಗಿಲಲ್ಲಿ ಇನ್ನೂ ಜನ ಉಂಟು. ಕಾಂತಿ ಎದ್ದು ಮುಖ ತೊಳೆದು ಮತ್ತೆ ಮೇಜಿನ ಮುಂದೆ ನಿಲ್ಲುತ್ತಾರೆ.

"ಊರಿನವರದ್ದೆಲ್ಲ ನೋಡ್ತೇನೆ, ನಮ್ಮದನ್ನು ಕುಡಿಯುವ ಮೊದಲು ಒಮ್ಮೆಯೂ ನೋಡಿದವಳಲ್ಲ. ಇವರು ತಂದದ್ದಲ್ವಾ, ಅಂತ ನಂಬಿಕೆ," ಎನ್ನುತ್ತಾರೆ. ಮುಂದಿನವರ ತೊಗಟೆ ಕೈಗೆ ತೆಗೆದುಕೊಳ್ಳುತ್ತಾರೆ. "ರುಕ್ಮಯ್ಯಣ್ಣ ಹೆದರದಿದ್ರೆ ನಾನು ಆ ತುಂಡನ್ನು ಮಧ್ಯಾಹ್ನವೇ ನೋಡುವುದು. ಮಧ್ಯಾಹ್ನಕ್ಕೆ ನಮ್ಮ ಮನೆಯಲ್ಲಿ ಯಾರು ಇರ್ತಿದ್ರು, ಹೇಳಿ?"