ಲಾಯಿಲದ ಅಂಗಳಕ್ಕೆ ತಕ್ಕ ಸೀಟು

ಮೋಟಾರ್ ಸೈಕಲಿನ ಹಿಂದಿನ ಸೀಟು ಇಷ್ಟೇ ಎತ್ತರ ಇರಬೇಕೆಂದು ಯಾರನ್ನು ಕೇಳಿ ನಿರ್ಧರಿಸುತ್ತಾರೋ ನನಗೆ ತಿಳಿಯದು. ಸೊಂಟ ಹಿಡಿದ ನನ್ನ ಸೋದರಮಾವನನ್ನಂತೂ ಕೇಳಿಲ್ಲ. ಆನೆಯಂಥ ಆನೆಯೇ ಮಂಡಿಯೂರಿ ಜನರನ್ನು ಹತ್ತಿಸಿಕೊಳ್ಳುತ್ತದೆ; ಮೋಟಾರ್ ಸೈಕಲಿಗೆ ಆ ವಿನಯವಿಲ್ಲ. ಎತ್ತರದಲ್ಲಿ ಕೂರುವುದು ಯಜಮಾನಿಕೆಯ ಲಕ್ಷಣವೆನ್ನುತ್ತಾರೆ. ಅಲ್ಲಿಂದ ಇಳಿಯುವುದು ಹೇಗೆಂದು ಯಾವ ಶಾಸ್ತ್ರದಲ್ಲೂ ಬರೆದಂತಿಲ್ಲ.

ನಮ್ಮದು ಅಳಿಯಸಂತಾನದ ಮನೆತನ; ಹೆಂಗಸರು ಮದುವೆಯಾದರೂ ತಾಯಿಮನೆಯಲ್ಲೇ ಉಳಿಯುವ ಪದ್ಧತಿ. ಐವತ್ತರ ದಶಕದ ಆ ದಿನಗಳಲ್ಲಿ ಮಾವ ನಮ್ಮ ಮೂಡುಬಿದಿರೆಯ ಮನೆಗೆ ಯಜಮಾನರು. ಅತ್ತೆ ಮಕ್ಕಳೊಂದಿಗೆ ಇದ್ದದ್ದು ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ, ತನ್ನ ತಾಯಿಯ ಮನೆಯಲ್ಲಿ. ಮದುವೆಯಾಗಿ ತಲೆ ನರೆತರೂ ಮಾವ ಅಲ್ಲಿ ನೆಂಟರೇ. ಭಾನುವಾರ ಹೋದಾಗಲೆಲ್ಲ ಬೆಲ್ಲ, ನೀರು, ಬೆತ್ತದ ಕುರ್ಚಿ. ಇಲ್ಲಿ ಎಲ್ಲರನ್ನೂ ಗದರುವ ಮನುಷ್ಯ ಅಲ್ಲಿ ಮೆತ್ತಗೆ ಮಾತಾಡುವುದನ್ನು ಕೇಳುವ ಆಸೆಗೇ ನಾನು, ಒಬ್ಬ ಶಾಲಾ ಮಾಷ್ಟ್ರು, ಮೋಟಾರ್ ಸೈಕಲಿನಲ್ಲಿ ಅವರ ಸಾರಥಿಯಾಗಿದ್ದೆ.

ಸೊಂಟ ಕೈಕೊಟ್ಟ ಮೇಲೆ ಒಮ್ಮೆ ಲಾಯಿಲದ ಅಂಗಳದಲ್ಲಿ ಮಾವ ಸೀಟಿನಿಂದ ಇಳಿಯಲಾರದೆ ಸಿಕ್ಕಿಬಿದ್ದರು. ಅತ್ತೆಯ ತಮ್ಮಂದಿರು ಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿ ಇಳಿಸುವ ಹಾಗೆ ಅವರನ್ನು ಎತ್ತಿ ಇಳಿಸಿದರು. ಮನೆಯ ಮುಂದಿನ ಚಾವಡಿಯಲ್ಲಿ ನಿಂತಿದ್ದ ಅತ್ತೆ ಮುಖ ತಿರುಗಿಸಿ ಒಳಗೆ ಹೋದರು.

“ನನ್ನಷ್ಟಕ್ಕೆ ಇಳಿಯಲಿಕ್ಕೆ ಆಗುವವರೆಗೆ ನಾನು ಅಲ್ಲಿಗೆ ಬರುವುದಿಲ್ಲ,” ಎಂದರು ಮಾವ, ಮನೆಗೆ ಹಿಂದಿರುಗಿದ ಮೇಲೆ. ಬಸ್ಸಿನ ಮೆಟ್ಟಿಲಂತೂ ಇನ್ನೂ ಎತ್ತರ. ಭಾನುವಾರಗಳು ಬಂದು ಹೋದವು. ಮಾವ ಇಸ್ತ್ರಿಯ ಅಂಗಿ ತೊಟ್ಟು ಜಗಲಿಯಲ್ಲೇ ಕೂರುತ್ತಿದ್ದರು. ನೋಡಲು ಬಹಳ ಬೇಸರವಾಗುತ್ತಿತ್ತು.

ಸೀಟು ತಗ್ಗಿಸುವುದೇನು ಮಹಾ ಎಂದು ನಾನೇ ಅದರ ಹೊಟ್ಟೆ ಬಗೆದು, ತುಂಬಿದ್ದ ತೆಂಗಿನ ನಾರನ್ನು ಅರ್ಧ ಕಿತ್ತುಹಾಕಿದೆ. ತಗ್ಗಿತು. ಅದರಲ್ಲಿ ಪೇಟೆಯವರೆಗೆ ಹೋಗಿ ಬಂದ ಮಾವ ಹಾಸಿಗೆ ಹಿಡಿದರು. ನನ್ನ ಇಂಜಿನಿಯರಿಕೆ ಅಲ್ಲಿಗೆ ಮುಗಿಯಿತು.

ಕೊನೆಗೆ ಬಂಟ್ವಾಳದ ಹಸನಬ್ಬನ ಗ್ಯಾರೇಜಿಗೆ ಹೋದೆ. ಹಿಂದಿನ ಸ್ಪ್ರಿಂಗು ಕತ್ತರಿಸಿ ಗಿಡ್ಡ ಮಾಡಬಹುದಲ್ಲ ಎಂದೆ.

“ಕತ್ತರಿಸಿದ್ರೆ ಅದು ಗಟ್ಟಿಯಾಗ್ತದೆ ಮಾಷ್ಟ್ರೇ, ರಸ್ತೆಯ ಹೊಂಡ ಪೂರಾ ಅವರ ಸೊಂಟಕ್ಕೇ. ಸ್ಪ್ರಿಂಗು ಇದ್ದ ಹಾಗೆ ಇರಲಿ, ಸ್ವಲ್ಪ ಓರೆ ನಿಲ್ಲಿಸುವ.”

ಸ್ಪ್ರಿಂಗಿನ ಮೇಲ್ತುದಿಯ ಬೋಲ್ಟುಗಳ ಜಾಗವನ್ನು ಮುಂದಕ್ಕೆ ಸರಿಸಿದ. ಸೀಟು ತಗ್ಗಿತು, ಓಟ ಮೊದಲಿಗಿಂತ ಮೆತ್ತಗಾಯಿತು. ಚಕ್ರ ಮೇಲಕ್ಕೆ ಬಡಿಯದಂತೆ ಲಾರಿ ಟಯರಿನ ರಬ್ಬರು ತುಂಡನ್ನೂ ಕೂರಿಸಿದ. ನಾನು ಕಿತ್ತಿದ್ದ ನಾರು ಮತ್ತೆ ಸೀಟಿನೊಳಗೆ ಸೇರಿತು. ಮಾವ ನಮ್ಮ ಅಂಗಳದಲ್ಲಿ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ಅಭ್ಯಾಸ ಮಾಡಿದರು.

“ಭಾನುವಾರ ಹೋಗುವ,” ಎಂದರು.

ಶುಕ್ರವಾರವೇ ಲಾಯಿಲದಿಂದ ಆಳು ಬಂದ. ಅತ್ತೆ ತೀರಿಕೊಂಡಿದ್ದರು.

ಹೊರಟೆವು. ದಾರಿಯುದ್ದಕ್ಕೂ ಬೈಕು ಎಷ್ಟು ಮೆತ್ತಗೆ ಓಡಿತೆಂದರೆ ನನಗೆ ಅದರ ಮೇಲೆ ಸಿಟ್ಟು ಬಂತು. ಲಾಯಿಲದ ಅಂಗಳ ತುಂಬ ಜನ. ಅತ್ತೆಯ ತಮ್ಮಂದಿರು ಕೈ ಚಾಚಿ ಓಡಿ ಬಂದರು. ಮಾವ ಅವರನ್ನು ತಡೆದು, ಕಾಲನ್ನು ನಿಧಾನವಾಗಿ ಈಚೆ ತಂದು, ತಾವೇ ಇಳಿದರು. ಪಂಚೆ ಸರಿಮಾಡಿಕೊಂಡು ಚಾವಡಿಯತ್ತ ನೋಡಿದರು. ಅತ್ತೆಯನ್ನು ಅಲ್ಲಿ ಮಲಗಿಸಿದ್ದರು.

“ಇನ್ನು ಇದನ್ನು ಮೊದಲಿನ ಹಾಗೆ ಎತ್ತರ ಮಾಡಿಸಿಬಿಡು ಮಗಾ,” ಎಂದರು ನನಗೆ. “ನನಗೆ ಇನ್ನು ಎಲ್ಲಿ ಇಳಿಯಲಿಕ್ಕುಂಟು?”