ಮೂವೆರ್ ತಂಡದ ಹನ್ನೊಂದು ಹಾಡುಗಳು

ಹಪ್ಪಳ ಒಣಹಾಕಿದಲ್ಲಿಗೆ ಕಾಗೆ ಬಾರದಿರಲಿ ಎಂದು ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ಕಟ್ಟುವುದನ್ನು ನೀವೂ ನೋಡಿರುತ್ತೀರಿ. ಗಾಳಿಗೆ ತಿರುಗುತ್ತವೆ, ಬಿಸಿಲಿಗೆ ಹೊಳೆಯುತ್ತವೆ, ಕಾಗೆ ಎರಡು ದಿನ ಹೆದರಿ ಮೂರನೆಯ ದಿನ ಬರುತ್ತದೆ. ಕಳೆದ ವಾರ ಜಾಲ್ಸೂರಿನಲ್ಲಿ ಅಶ್ರಫನ ಮನೆಯ ತಾರಸಿಯಲ್ಲಿ ಹಾಗೆ ತಿರುಗುತ್ತಿದ್ದ ಒಂದು ಸಿ.ಡಿ.ಯ ಮೇಲೆ ‘ಮೂವೆರ್’ ಎಂದು ಬರೆದದ್ದು ಕಂಡಿತು. ಮೂವೆರ್ ಎಂದರೆ ತುಳುವಿನಲ್ಲಿ ಮೂವರು. ಆ ಮೂವರಲ್ಲಿ ಒಬ್ಬಳು ನಾನು.

ನಾನು ಅಲ್ಲಿಗೆ ಹೋದದ್ದು ಹಳೆಯ ನೆನಪಿಗಲ್ಲ, ಸಮೀಕ್ಷೆಗೆ. ಬೇಸಿಗೆ ರಜೆ ಎನ್ನುವುದು ಮಕ್ಕಳಿಗೆ ಮಾತ್ರ. ನನ್ನಂಥ ಹೈಸ್ಕೂಲು ಟೀಚರಿಗೆ ಆಗ ಮನೆಮನೆಯ ಪಟ್ಟಿ, ಮೊಬೈಲು, ಓಟಿಪಿ. ಆ ದಿನಕ್ಕೆ ಅದು ಹದಿನಾಲ್ಕನೆಯ ಮನೆ. ಕಾಲು ಊದಿತ್ತು. ಸರ್ವರ್ ಬರುವ ತನಕ ಮೇಲೆ ಗಾಳಿಗೆ ಕೂತ್ಕೊಳ್ಳಿ ಎಂದು ಅಶ್ರಫನ ಹೆಂಡತಿ ಜೊಹರಾ ಹೇಳಿದ್ದಕ್ಕೆ ಹತ್ತಿ ಹೋದೆ.

“ಅಶ್ರಫ್, ಇದು ನಮ್ಮದಲ್ವಾ?”

“ಹೌದು ಟೀಚರೇ. ಸಿ.ಡಿ. ಹಾಕುವ ಮೆಷಿನೇ ಈಗ ಮನೆಯಲ್ಲಿಲ್ಲ. ಇಟ್ಟು ಎಂತ ಮಾಡುದು?”

ಬೇಸರವೇನೂ ಆಗಲಿಲ್ಲ. ಬೇಸರಪಡಲಿಕ್ಕೂ ಸ್ವಲ್ಪ ಶಕ್ತಿ ಬೇಕು.

ನಾನು ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ ಸವಣೂರಿನ ಹರೀಶ ನನ್ನ ತರಗತಿಯವನು. ಅಶ್ರಫ್ ಬಸ್ ಸ್ಟ್ಯಾಂಡಿನ ಹತ್ತಿರ ಟಯರ್ ಅಂಗಡಿಯಲ್ಲಿದ್ದ. ತುಳುವಿನಲ್ಲಿ ರ‍್ಯಾಪ್ ಮಾಡಿದವರಲ್ಲಿ ನಾವೇ ಮೊದಲಿಗರು ಎಂದು ಹೇಳಿಕೊಳ್ಳುತ್ತಿದ್ದೆವು. ಹುಡುಕಿ ನೋಡಿದವರು ಯಾರೂ ಇರಲಿಲ್ಲ, ಹಾಗಾಗಿ ಸುಳ್ಳೆನ್ನುವವರೂ ಇರಲಿಲ್ಲ. ನನ್ನ ಚಿಕ್ಕಮ್ಮ ಒಮ್ಮೆ ಕೇಳಿ, “ಇದು ಹಾಡಾ, ಜಗಳವಾ?” ಎಂದಿದ್ದರು. ಹಾಡುತ್ತಿದ್ದವರಲ್ಲಿ ನಾನೂ ಒಬ್ಬಳೆಂದು ಅವರಿಗೆ ಗೊತ್ತಿರಲಿಲ್ಲ.

ರೆಕಾರ್ಡಿಂಗ್ ಮಾಡುತ್ತಿದ್ದದ್ದು ಒಂದು ಫ್ಲೆಕ್ಸ್ ಅಂಗಡಿಯ ಮಹಡಿಯ ಕೋಣೆಯಲ್ಲಿ. ಗೋಡೆಗೆ ಹಳೆಯ ಹಾಸಿಗೆಗಳನ್ನು ನಿಲ್ಲಿಸಿದ್ದೆವು. ಕೆಳಗಿನ ಮೆಷಿನು ನಿಲ್ಲುತ್ತಿದ್ದದ್ದು ಮಧ್ಯಾಹ್ನ ಅಂಗಡಿಯವರು ಊಟಕ್ಕೆ ಹೋದಾಗ ಮಾತ್ರ, ಹಾಗಾಗಿ ನಮ್ಮ ಕಲೆಯೆಲ್ಲ ಆ ಒಂದು ಗಂಟೆಯೊಳಗೆ ಮುಗಿಯಬೇಕಿತ್ತು. ಒಂದು ದಿನ ಅವರು ಬೇಗ ಉಂಡು ಬಂದರು. ನಾಲ್ಕನೆಯ ಹಾಡಿನ ಕೊನೆಯಲ್ಲಿ ಕೇಳುವ ಕಿರ್ರ್ ಶಬ್ದ ಅದೇ. ಕೆಲವರು ಅದನ್ನು ಹೊಸ ವಾದ್ಯವೆಂದು ಹೊಗಳಿದ್ದೂ ಉಂಟು.

ಮೊದಲ ಸಿ.ಡಿ.ಯಲ್ಲಿ ಆರು ಹಾಡು, ಎರಡನೆಯದರಲ್ಲಿ ಐದು. ನಮ್ಮ ಇಡೀ ಸಾಧನೆ ಇಷ್ಟೇ. ಎರಡು ಹಾಡನ್ನು ಅಶ್ರಫ್ ತನ್ನ ಬ್ಯಾರಿ ಭಾಷೆಯಲ್ಲಿ ಬರೆದ. ಉಳಿದದ್ದೆಲ್ಲ ನನ್ನ ಮಾತು, ಹರೀಶನ ಗಂಟಲು. ಒಂದನ್ನು ಮಾತ್ರ ನಾನೇ ಹೇಳಿದೆ. ಇಚಿಲಂಪಾಡಿಯ ಅಜ್ಜಿಮನೆಯಿಂದ ಕಾಲೇಜಿಗೆ ಬರುವಾಗ ನಿಂತುಕೊಂಡೇ ಬರುವ ಹುಡುಗಿ, ಮುಂದೆ ಹೋಗಿ ಮುಂದೆ ಹೋಗಿ ಎನ್ನುವ ಕಂಡಕ್ಟರನಿಗೆ, ಇನ್ನು ಮುಂದೆ ಹೋಗಲಿಕ್ಕೆ ಗಾಜು ಒಡೆಯಬೇಕು ಎನ್ನುವ ಹಾಡು.

ಎರಡೂ ಸಿ.ಡಿ.ಗಳ ಕವರು ಒಟ್ಟಿಗೆ ಅಚ್ಚಿಗೆ ಹೋಗುವ ಹೊತ್ತಿಗೆ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು.

“ನನ್ನ ಫೋಟೋ ಬೇಡ. ಹೆಸರೂ ಬೇಡ,” ಎಂದೆ.

“ಮತ್ತೆ ಬರೆದದ್ದು ಯಾರಂತ ಹಾಕುದು ಮಾರಾಯ್ತಿ?” ಹರೀಶ ಕೇಳಿದ.

“ಯಾರದ್ದಾದ್ರೂ ಹಾಕು.”

ಅವನು ತನ್ನದೇ ಹಾಕಿದ. ತಪ್ಪು ಅವನದ್ದಲ್ಲ. ಹಾಗೆ ಮೂವೆರ್ ಎಂಬ ಹೆಸರಿನ ಕೆಳಗೆ ಎರಡೇ ಮುಖಗಳಿದ್ದವು.

ಮದುವೆಯಾಗಿ ಸುಳ್ಯಕ್ಕೆ ಬಂದೆ. ಆ ವರ್ಷ ಪ್ರೈವೇಟ್ ಬಸ್ಸುಗಳಲ್ಲಿ ನಮ್ಮ ಸಿ.ಡಿ. ಹಾಕುತ್ತಿದ್ದರು. ಗಂಡನ ಪಕ್ಕದಲ್ಲಿ ಕುಳಿತು ನನ್ನದೇ ದನಿ ಕೇಳುತ್ತಾ, ಕಿಟಕಿಯ ಹೊರಗೆ ಏನೋ ವಿಶೇಷ ಕಂಡವಳಂತೆ ಕತ್ತು ತಿರುಗಿಸಿರುತ್ತಿದ್ದೆ. ಮತ್ತೆ ಬರೆಯಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ನಾನು ಯಾರನ್ನೂ ಕೇಳಲೂ ಇಲ್ಲ. ಮೂವರೂ ಅವರವರ ದಾರಿ ಹಿಡಿದೆವು. ಹರೀಶ ಮದುವೆ ಮನೆಗಳಲ್ಲಿ ಮೈಕ್ ಹಿಡಿದು ಕಾರ್ಯಕ್ರಮ ನಡೆಸಿಕೊಡುತ್ತಾನೆಂದು ಕೇಳಿದ್ದೆ.

ತಾರಸಿಯಲ್ಲಿ ಅಶ್ರಫ್ ಹಪ್ಪಳ ಮಗುಚುತ್ತಾ ಹೇಳಿದ, “ಹರೀಶ ಫೋನ್ ಮಾಡಿದ್ದ. ಹನ್ನೊಂದು ಹಾಡನ್ನೂ ನೆಟ್ಟಿಗೆ ಹಾಕ್ತಾನಂತೆ. ಬರೆದವರ ಹೆಸರು ಈ ಸಲ ಸರಿ ಹಾಕ್ಬೇಕಂತೆ. ನಿಮ್ಮತ್ರ ಕೇಳ್ಲಿಕ್ಕೆ ಅವನಿಗೆ ಧೈರ್ಯ ಇಲ್ಲ.”

“ಇಷ್ಟು ವರ್ಷ ಆದ ಮೇಲೆ ಎಂತಕ್ಕೆ ಅಶ್ರಫ್?”

“ಅವನಿಗೂ ಸಾಕಾಗಿದೆಯಂತೆ. ಸ್ಟೇಜಿನಲ್ಲಿ ಯಾರಾದ್ರೂ ಹೊಗಳಿದ್ರೆ ನಾಚಿಕೆ ಆಗ್ತದಂತೆ.”

ಅಷ್ಟರಲ್ಲಿ ಸರ್ವರ್ ಬಂತು. ಕುಟುಂಬದ ಸದಸ್ಯರು ಎಷ್ಟು, ಶೌಚಾಲಯ ಉಂಟೋ ಇಲ್ಲವೋ ಎಂದು ತುಂಬಿಸಿ ಇಳಿದು ಬಂದೆ.

ಸಂಜೆ ಮನೆಯವರಿಗೆ ಚಾ ಕೊಡುವಾಗ ನಿಧಾನಕ್ಕೆ ಶುರು ಮಾಡಿದೆ. “ಮುಂಚೆ ಬಸ್ಸಿನಲ್ಲಿ ಒಂದು ತುಳು ಹಾಡು ಹಾಕ್ತಿದ್ರಲ್ಲ, ಹುಡುಗಿಯ ದನಿಯದ್ದು…”

“ಗಾಜು ಒಡೆಯುವುದಾ? ಅದು ನೀನೇ ಅಲ್ವಾ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಮದುವೆಯಾದ ವರ್ಷವೇ. ಅಮ್ಮನಿಗೂ ಗೊತ್ತಿತ್ತು. ನಿನ್ನ ದನಿ ಗೊತ್ತಾಗ್ಲಿಕ್ಕಿಲ್ವಾ? ನೀನು ಹೇಳ್ಲಿಲ್ಲ. ಇಷ್ಟ ಇಲ್ಲ ಅಂತ ನಾವೂ ಕೇಳ್ಲಿಲ್ಲ.” ಒಂದು ಗುಟುಕು ಕುಡಿದು, “ಚಾಕ್ಕೆ ಸಕ್ಕರೆ ಹಾಕಿದ್ದೀಯಾ?” ಎಂದರು.

ಹಾಕಿರಲಿಲ್ಲ. ತಂದು ಹಾಕಿದೆ. ನಿಮಗೆ ಸಮಾಧಾನ ಆಗಿರಬೇಕಲ್ಲ ಎಂದು ನೀವು ಕೇಳಬಹುದು. ಆಗಲಿಲ್ಲ. ಆಚೆಯಿಂದ ಯಾರೂ ದೂಡದ ಬಾಗಿಲಿಗೆ ಹದಿನೆಂಟು ವರ್ಷ ಬೆನ್ನು ಕೊಟ್ಟು ನಿಂತವಳ ಸುಸ್ತು, ಅಷ್ಟೂ ಒಟ್ಟಿಗೆ ಬಂತು. ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ಬರೆಯಬಹುದಾಗಿದ್ದ ಹಾಡುಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಬರೆಯದ್ದು ನೆನಪಿಗೆ ಬರುವುದಾದರೂ ಹೇಗೆ?

ಅಶ್ರಫ್ ಕೊಟ್ಟ ನಂಬರಿಗೆ ನನ್ನ ಹೆಸರನ್ನು ಅಪ್ಪನ ಇನಿಶಿಯಲ್ ಸಮೇತ ಕಳಿಸಿದೆ, ಮದುವೆಗೆ ಮೊದಲು ಇದ್ದ ಹಾಗೆಯೇ. ಎರಡು ನಿಮಿಷದಲ್ಲಿ ಹರೀಶನ ಉತ್ತರ ಬಂತು: ಎಷ್ಟು ಹಾಡಿಗೆ ಹಾಕಲಿ?

ಬಸ್ಸಿನ ಹಾಡಿಗೆ ಮಾತ್ರ ಸಾಕು ಎಂದು ಬರೆದೆ. ಅಳಿಸಿದೆ. ಒಂಬತ್ತಕ್ಕೂ ಹಾಕು ಎಂದು ಬರೆದು ಕಳಿಸಿದೆ.