ಹದಿನೈದು ನಿಮಿಷಕ್ಕೆ ಸಾವಿರದೆಂಟು ಜಪ

ಬ್ರಹ್ಮಾವರದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅದು ಕೆಲಸವೇ ಅಲ್ಲ ಎಂಬುದು ಮನೆಯವರ ತೀರ್ಮಾನ. ಹಾಗಾಗಿ, ಮಗಳ ಬಾಣಂತನಕ್ಕೆಂದು ಸೀಶೆಲ್ಸಿಗೆ ಹೊರಟ ದೊಡ್ಡಮ್ಮನನ್ನು ತಲುಪಿಸುವ ಹೊಣೆ ನನ್ನ ತಲೆಗೇ ಬಂತು.

ಅಳಿಯ ಅಲ್ಲಿಯ ಪುಟ್ಟ ದ್ವೀಪವೊಂದರ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ದೊಡ್ಡ ವಿಮಾನ ಮುಖ್ಯ ದ್ವೀಪದವರೆಗೆ ಮಾತ್ರ. ದೊಡ್ಡಮ್ಮ ಅದರಲ್ಲಿ ನಿದ್ದೆ ಹೊಡೆದಿದ್ದರು. ಮುಂದಿನ ಪ್ರಯಾಣಕ್ಕೆ ನಿಂತಿದ್ದ ಆಟಿಕೆಯಂಥ ವಿಮಾನ ಕಂಡು ಅವರ ಮುಖ ಬಿಳಿಚಿತು.

"ಇನ್ನೆಷ್ಟ್ ದೂರ ಇತ್ತ್ ಮಾಣಿ?"

ಮೊಬೈಲಿನಲ್ಲಿ ನೋಡಿದೆ. "ಸಾಲಿಗ್ರಾಮದಿಂದ ಬೈಂದೂರಿಗ್ ಹೋದಂಗೆ, ಅಷ್ಟೆ."

ಎಡವಿದ್ದು ಅಲ್ಲೇ. ದೊಡ್ಡಮ್ಮನ ತವರು ಬೈಂದೂರಿನ ಹತ್ತಿರದ ಯಡ್ತರೆ. ಮನೆಯಿರುವ ಸಾಲಿಗ್ರಾಮದಲ್ಲಿ ಬಸ್ಸು ಹತ್ತಿ, ಕುಂದಾಪುರದಲ್ಲಿ ಬದಲಿಸಿ, ಬೈಂದೂರು ಮುಟ್ಟುವುದರೊಳಗೆ ಅವರ ಸಾವಿರದೆಂಟು ರಾಮಜಪ ಮುಗಿಯುತ್ತದೆ. ಕಂಡಕ್ಟರಿಗೆ ಬಯ್ಯುವುದಕ್ಕೂ ಹೊತ್ತು ಮಿಕ್ಕುತ್ತದೆ. ವಿಮಾನ ಹತ್ತಿದ್ದೇ ಸಾವಿರದೆಂಟಕ್ಕೆ ಸಂಕಲ್ಪ ಮಾಡಿ ಜಪಸರ ತೆಗೆದರು.

ದೂರ ಹೇಳಿದ ನಾನು ಹೊತ್ತು ಹೇಳಿರಲಿಲ್ಲ. ಹದಿನೈದೇ ನಿಮಿಷ. ಚಕ್ರ ನೆಲ ಮುಟ್ಟಿತು, ಎಲ್ಲರೂ ಇಳಿದರು. ದೊಡ್ಡಮ್ಮ ಅಲುಗಲಿಲ್ಲ.

"ಊರ್ ಬಂತ್ ಕಾಣಿ, ಇಳಿನಿ."

"ಸುಳ್ಳ್ ಹೇಳ್ಬೇಡ! ಮುನ್ನೂರ್ ಸಹ ಆಯ್ಲಿಲ್ಲ. ಇಷ್ಟೊತ್ತಿಗೆ ಕುಂದಾಪ್ರ ಸಹ ಬಪ್ಪುದಿಲ್ಲ. ಸಂಕಲ್ಪ ಅರ್ಧಕ್ಕ್ ಬಿಟ್ರೆ ಬಾಣಂತಿಗ್ ದೋಷ. ನಾ ಇಳೂದಿಲ್ಲ."

ಹೊರಗೆ ವಾಪಸು ಹೋಗುವ ಪ್ರಯಾಣಿಕರು ಬಿಸಿಲಿನಲ್ಲಿ ಬೇಯುತ್ತಿದ್ದರು. ಪೈಲಟ್ ಹುಡುಗಿ ಎದ್ದು ಬಂದಳು. ನನ್ನ ಹರಕು ಇಂಗ್ಲಿಷಿನಲ್ಲಿ ದೇವರ ಲೆಕ್ಕ ವಿವರಿಸಿದೆ. ಇನ್ನೆಷ್ಟು ಬಾಕಿ ಎಂದು ಕೇಳಿದಳು. ಏಳುನೂರಕ್ಕೂ ಹೆಚ್ಚು ಎಂದೆ. ಗಡಿಯಾರ ನೋಡಿಕೊಂಡು, ಉಳಿದದ್ದನ್ನು ಬೇರೆ ಯಾರಾದರೂ ಮುಗಿಸಿದರೆ ಆಗದೇ ಎಂದಳು. ಅನುವಾದಿಸಿ ಹೇಳಿದೆ. ದೊಡ್ಡಮ್ಮ ಜನ್ಮದಲ್ಲಿ ಮೊದಲ ಸಲ ನನ್ನನ್ನು ಭರವಸೆಯಿಂದ ನೋಡಿದರು.

"ನೀ ಮಾಡ್ತ್ಯಾ?"

"ಮಾಡ್ತೆ."

"ದೇವ್ರಾಣೆ?"

"ದೇವ್ರಾಣೆ" ಎಂದೆ. ಕಾಲೇಜು ಸೇರಿದ ವರ್ಷವೇ ಜನಿವಾರವನ್ನು ಮೊಳೆಗೆ ನೇತುಹಾಕಿದವನು ನಾನು.

ಟ್ಯಾಕ್ಸಿಯಲ್ಲಿ ನಾನು ಮುಂದೆ, ಕೈಯಲ್ಲಿ ಜಪಸರ. ಹಿಂದೆ ಕಿವಿ ನಿಮಿರಿಸಿಕೊಂಡ ದೊಡ್ಡಮ್ಮ. ಮೊದಲ ಹತ್ತು ನಾಮ ಸರಿಯಾಗಿಯೇ ಹೇಳಿದೆ. ಆಮೇಲೆ ಒಂದು ನಾಮಕ್ಕೆ ಮೂರು ಮಣಿ, ತಿರುವು ಬಂದಲ್ಲಿ ಐದು. ಕೊನೆಗೆ ಬರೀ ತುಟಿ ಅಲ್ಲಾಡಿಸುತ್ತ ಸಮುದ್ರ ನೋಡಿದೆ.

"ಎಲ್ಲಾ ಆಯ್ತಾ?"

"ಎಲ್ಲಾ ಆಯ್ತ್."

"ಇಷ್ಟ್ ಬೇಗ? ಪರ್ವಾಗಿಲ್ಲ, ನಾಲ್ಗಿ ಚುರ್ಕಿತ್ತ್ ನಿಂದ್" ಎಂದು ಬೆನ್ನು ತಟ್ಟಿದರು.

ತಾಯಿ, ಮಗು ಗುಂಡುಕಲ್ಲಿನಂತಿದ್ದರು. ದೋಷ ಗೀಷ ಏನೂ ತಟ್ಟಲಿಲ್ಲ. ನನಗೆ ಮಾತ್ರ ಎರಡು ದಿನ ಬಿಡದೆ ಬೇದಿ. ನೀರು ಬದಲಾದದ್ದಕ್ಕೆ ಎಂದು ದೊಡ್ಡಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ನೀರೇ ಇರಬೇಕು ಎಂದು ನಾನೂ ಕಣ್ಣುಮುಚ್ಚಿ ಕುಡಿದೆ.